ಬಂಡಿ ಜಾಡಿನಲ್ಲಿ ಸೈಕಲ್

ನಾನು ದಾವಣಗೆರೆಯವಳು. ನಮ್ಮೂರಲ್ಲಿ ಸೈಕಲ್ ಅಂದರೆ ಸಪಾಟು ರಸ್ತೆ. ಕಾಲೇಜಿಗೆ ಹೋಗುವುದು, ಬರುವುದು, ಸಂಜೆ ದೋಸೆ ಕಟ್ಟಿಸಿಕೊಂಡು ಬರುವುದು. ಏರು ಅಂದರೆ ಏನು ಅಂತ ಕಾಲಿಗೆ ಗೊತ್ತಾಗಿದ್ದು ಆರು ವರ್ಷದ ಹಿಂದೆ, ಕೆಲಸಕ್ಕೆ ಅಂತ ಚಿತ್ರದುರ್ಗಕ್ಕೆ ಬಂದ ಮೇಲೆ. ಬಾಡಿಗೆ ಮನೆ ಸಿಕ್ಕಿದ್ದು ಜೋಗಿಮಟ್ಟಿ ರಸ್ತೆಯಲ್ಲಿ. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೇ ಗುಡ್ಡ. ದಿನಾ ನೋಡಿ ನೋಡಿ ಸುಮ್ನೆ ಇರೋಕೆ ಆಗಲಿಲ್ಲ. ಎರಡನೇ ವರ್ಷ ಉಳಿತಾಯದ ದುಡ್ಡಲ್ಲಿ ಒಂದು ಮೌಂಟನ್ ಬೈಕ್ ತಗೊಂಡೆ. 29 ಇಂಚಿನ ಚಕ್ರ, ಮುಂದೆ ಸಸ್ಪೆನ್ಷನ್, ಎರಡೂ ಕಡೆ ಡಿಸ್ಕ್ ಬ್ರೇಕ್.

ಸೈಕಲ್ ಹೊಡೆಯೋಕೆ ಎಲ್ಲಿಗೆ ಹೋಗಬೇಕು ಅಂತ ಹೊಸಬರು ಯಾರೇ ಕೇಳಿದರೂ ಮೊದಲು ಜೋಗಿಮಟ್ಟಿ ಹೆಸರೇ ಬರುತ್ತದೆ. ಬರಲೇಬೇಕು. ಊರು ಮುಗಿದು, ಆಡುಮಲ್ಲೇಶ್ವರ ದಾಟಿದ ಮೇಲೆ ರಸ್ತೆ ಸುತ್ತಿ ಸುತ್ತಿ ಏರುತ್ತದೆ. ಮೇಲೆ ಬ್ರಿಟಿಷರ ಕಾಲದ ಬಂಗಲೆ, ದೂರದ ಗುಡ್ಡಗಳ ಸಾಲಿನ ಮೇಲೆ ಗಾಳಿಯಂತ್ರಗಳು. ಆದರೆ ಇದು ವನ್ಯಧಾಮ. ಕರಡಿ ಇದೆ, ಚಿರತೆ ಇದೆ. ಅರಣ್ಯ ಇಲಾಖೆಯವರು ಬಿಟ್ಟ ಹೊತ್ತಲ್ಲಿ, ಬಿಟ್ಟ ರಸ್ತೆಯಲ್ಲಿ ಮಾತ್ರ ಹೋಗಬೇಕು. ಪಕ್ಕದಲ್ಲಿ ಒಂದು ಕಾಲುದಾರಿ ಚೆಂದ ಕಂಡಿತು ಅಂತ ಚಕ್ರ ತಿರುಗಿಸಬೇಡಿ. ಕರಡಿಗೆ ದೂರದಿಂದ ನಾವು ಸರಿಯಾಗಿ ಕಾಣುವುದಿಲ್ಲ. ಸೈಕಲ್ ಸದ್ದಿಲ್ಲದೆ ತೀರಾ ಹತ್ತಿರ ಹೋಗಿಬಿಡುತ್ತದೆ. ಬೆಚ್ಚಿಬಿದ್ದ ಕರಡಿ ಮೈಮೇಲೆ ಬರುತ್ತದೆ. ನಾನು ಕಾಡಿನ ಅಂಚಿನಲ್ಲಿ ಎಲ್ಲೇ ಹೋದರೂ ಹ್ಯಾಂಡಲ್‌ಗೆ ಕುರಿ ಕೊರಳಿಗೆ ಕಟ್ಟುವ ಸಣ್ಣ ಗಂಟೆ ಕಟ್ಟಿಕೊಂಡಿರುತ್ತೇನೆ.

ಏರುವುದು ಬರೀ ಉಸಿರಿನ ಕೆಲಸ. ಕಷ್ಟ ಇರುವುದು ಇಳಿಯುವಾಗ. ತಿರುವಿನಲ್ಲಿ ಸಣ್ಣ ಕಲ್ಲುಪುಡಿ ಕೂತಿರುತ್ತದೆ, ಅದರ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರಿ ನೆಲ ಸೇರುತ್ತೀರಿ. ತಿರುವಿಗೆ ಮೊದಲೇ ವೇಗ ಇಳಿಸಿ. ತಿರುವಿನಲ್ಲಿ ಬ್ರೇಕ್ ಮುಟ್ಟಬೇಡಿ. ಸೀಟಿನಿಂದ ಎದ್ದು, ಸೊಂಟ ಸ್ವಲ್ಪ ಹಿಂದಕ್ಕೆ ತಗೊಂಡು, ಎರಡೂ ಪೆಡಲ್ ಸಮವಾಗಿ ಇಟ್ಟುಕೊಂಡು ಇಳಿಯಿರಿ. ಬೆಳಿಗ್ಗೆ ವಾಕಿಂಗ್ ಬರುವವರು ಜಾಸ್ತಿ, ವಯಸ್ಸಾದವರೂ ಇರುತ್ತಾರೆ. ಅವರ ಪಕ್ಕದಲ್ಲಿ ರಪ್ಪಂತ ಹೋಗುವವರನ್ನು ಕಂಡರೆ ನನಗೆ ನಿಜವಾಗಲೂ ಸಿಟ್ಟು ಬರುತ್ತದೆ.

ಚಂದ್ರವಳ್ಳಿಗೂ ಹೋಗಿ. ಸೈಕಲ್ ಹೊರಗೆ ಬಿಟ್ಟು ನಡೆದು ನೋಡಬೇಕಾದ ಜಾಗ ಅದು. ಕದಂಬರ ಮಯೂರಶರ್ಮನ ಶಾಸನ ಅಲ್ಲಿನ ಬಂಡೆ ಮೇಲಿದೆ, ಅದರಲ್ಲಿ ಇರುವುದು ಕೆರೆಯ ಮಾತು. ಪುರಾತತ್ವ ತಜ್ಞರಾದ ಎಂ.ಎಚ್. ಕೃಷ್ಣ ಅವರು 1929ರಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಅಲ್ಲಿ ಅಗೆಸಿದರು. ರೋಮನ್ನರ ನಾಣ್ಯ ಸಿಕ್ಕಿದ ಮಣ್ಣು ಅದು. ಆ ನಾಣ್ಯ ತಂದವರು ಯಾವ ದಾರಿಯಲ್ಲಿ ಬಂದಿರಬಹುದು ಅಂತ ಕೆರೆ ದಡದಲ್ಲಿ ಕೂತಾಗೆಲ್ಲ ಯೋಚನೆ ಬರುತ್ತದೆ.

ಈಗ ನನಗೆ ಪ್ರಾಣವಾದ ದಾರಿಗಳ ವಿಷಯ. ಅವು ಬಂಡಿ ಜಾಡುಗಳು. ಹಟ್ಟಿಯಿಂದ ಹೊಲಕ್ಕೆ, ಹೊಲದಿಂದ ಕೆರೆ ಏರಿಗೆ, ಏರಿಯಿಂದ ಇನ್ನೊಂದು ಹಟ್ಟಿಗೆ. ಎರಡು ಗಾಲಿಯ ಗುರುತು, ನಡುವೆ ಹುಲ್ಲು, ಎರಡೂ ಕಡೆ ಜಾಲಿ, ತಂಗಡಿ, ಬಂದರಿಕೆ ಗಿಡ. ಫೋನಿನ ಮ್ಯಾಪಿನಲ್ಲಿ ಅರ್ಧಕ್ಕರ್ಧ ಇಲ್ಲ. ಕೇಳಿಕೊಂಡೇ ಹೋಗಬೇಕು. ಇಂಗಳದಾಳು ಕಡೆಗೆ ಹೋದರೆ ನೆಲದ ಬಣ್ಣವೇ ಬೇರೆ. ಅಲ್ಲಿ ಹಿಂದೆ ತಾಮ್ರದ ಗಣಿ ಇತ್ತು. ಕಲ್ಲಿನ ನಮೂನೆಯೂ ಬೇರೆ. ಕೋಟೆ ಕಡೆಯ ಗುಂಡುಬಂಡೆ ಒಣಗಿದ್ದಾಗ ಟೈರನ್ನು ಅಂಟಿನಂತೆ ಹಿಡಿಯುತ್ತದೆ. ಈ ಕಡೆಯ ಕಲ್ಲು ಚಪ್ಪಡಿ ಚಪ್ಪಡಿಯಾಗಿ ಒಡೆದು, ಅಂಚು ಚೂಪಾಗಿ, ಚಕ್ರದ ಕೆಳಗೆ ಜರುಗುತ್ತದೆ. ಒಂದೇ ಬೆಳಿಗ್ಗೆ ಎರಡನ್ನೂ ತುಳಿದರೆ ಕೈಗೇ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದಿನ ಕಾರ್ತಿಕದ ಒಂದು ಭಾನುವಾರ. ಅಂಥದ್ದೇ ಒಂದು ಜಾಡಿನಲ್ಲಿ ಹಿಂದಿನ ಚಕ್ರದ ಗಾಳಿ ಹೋಯಿತು. ನೆಗ್ಗಿಲು ಮುಳ್ಳು. ಕಡಲೆಕಾಳಿನಷ್ಟು ದಪ್ಪದ ಕಾಯಿ, ಮೈಯೆಲ್ಲ ಮುಳ್ಳು. ಅದು ನೆಲದ ಮೇಲೆ ಹೇಗೇ ಬೀಳಲಿ, ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ. ಬಿಚ್ಚಿದೆ, ಮುಳ್ಳು ಕಿತ್ತೆ, ಇದ್ದ ಒಂದೇ ಹೊಸ ಟ್ಯೂಬ್ ಹಾಕಿದೆ, ಗಾಳಿ ಹೊಡೆದೆ. ಒಂದು ಫರ್ಲಾಂಗ್ ಹೋಗಿಲ್ಲ, ಮತ್ತೆ ಚಕ್ರ ಮೆತ್ತಗಾಯಿತು. ನೀರು ಮುಗಿದಿತ್ತು. ಬಿಸಿಲು ಏರುತ್ತಿತ್ತು. ಅಳು ಬರುವಷ್ಟು ಬೇಜಾರಾಗಿತ್ತು.

ಕುರಿ ಹೊಡಕೊಂಡು ಒಬ್ಬ ಅಜ್ಜ ಬಂದರು.

"ಏನಾತು ತಾಯಿ?"

"ಗಾಳಿ ಹೋಯ್ತು ಅಜ್ಜಾ. ಈಗ ತಾನೆ ಹೊಸ ಟ್ಯೂಬ್ ಹಾಕಿದ್ದೆ."

"ಟೈರಿನ ಒಳಗ ನೋಡ್ದ್ಯಾ?"

"ನೋಡಿದೆ, ಏನೂ ಇಲ್ಲ."

"ಕಣ್ಣಿಗೆ ಕಾಣ್ತೈತೇನವ್ವಾ ಅದು? ತಾ ಇಲ್ಲಿ."

ಟೈರ್ ಇಸಕೊಂಡು ಕುಕ್ಕರಗಾಲಲ್ಲಿ ಕೂತರು. ಒಳಮೈ ಮೇಲೆ ಹೆಬ್ಬೆರಳನ್ನು ನಿಧಾನಕ್ಕೆ ಸವರುತ್ತಾ ಹೋದರು. ಅರ್ಧ ಸುತ್ತು ಆದ ಮೇಲೆ ಬೆರಳು ನಿಂತಿತು. ಉಡಿದಾರದಲ್ಲಿ ನೇತುಹಾಕಿದ್ದ ಚಿಮಟ ಬಿಡಿಸಿಕೊಂಡರು. ಕಾಲಿನ ಮುಳ್ಳು ಕೀಳೋಕೆ ಇಟ್ಟುಕೊಳ್ಳುವ ಕಬ್ಬಿಣದ ಚಿಮಟ, ಹಿಡಿದು ಹಿಡಿದು ನುಣುಪಾಗಿತ್ತು. ಟೈರನ್ನು ಒಳಗಿನಿಂದ ಹೊರಕ್ಕೆ ಮಡಿಸಿ, ಚಿಮಟದ ತುದಿಯಲ್ಲಿ ಒಂದು ಸಲ ಒತ್ತಿ, ಎಳೆದರು. ಅಂಗೈ ಮೇಲೆ ಇಟ್ಟು ತೋರಿಸಿದರು. ಸಾಸಿವೆಗಿಂತ ಸಣ್ಣದು, ಕಂದು ಬಣ್ಣದ ಮುರಿದ ತುದಿ. ನಾನು ಕಾಯಿ ಕಿತ್ತಿದ್ದೆ, ತುದಿ ಒಳಗೇ ಉಳಿದಿತ್ತು. ಆಮೇಲೆ ಉಳಿದರ್ಧ ಸುತ್ತನ್ನೂ ಬಿಡದೆ ಸವರಿದರು. ಇನ್ನೂ ಎರಡು ಸಿಕ್ಕವು.

ಎರಡೂ ಟ್ಯೂಬಿಗೆ ಪ್ಯಾಚ್ ಹಾಕಿಕೊಂಡು ಮನೆ ಸೇರಿದೆ. ಅಂದಿನಿಂದ ನನ್ನ ಸೈಕಲ್ ಚೀಲದಲ್ಲಿ ಒಂದು ಚಿಮಟ ಇರುತ್ತದೆ. ಗಂಟೆ ಕಟ್ಟು ಅಂತ ಹೇಳಿದ್ದೂ ಅದೇ ಅಜ್ಜ.

ಮುಂದಿನ ವರ್ಷ ಟ್ಯೂಬ್ ತೆಗೆಸಿ ಟ್ಯೂಬ್‌ಲೆಸ್ ಮಾಡಿಸಿದೆ. ಟೈರಿನೊಳಗೆ ಹಾಲಿನಂಥ ಸೀಲೆಂಟ್ ಹಾಕುತ್ತಾರೆ. ಮುಳ್ಳು ಕಿತ್ತು ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿದರೆ, ಬುಸ್ ಅಂತ ನೊರೆ ಬಂದು ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಆ ಹಾಲು ಬೇಗ ಒಣಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ತುಂಬಿಸಬೇಕು. ಯುಗಾದಿ ಆದ ಮೇಲಂತೂ ಇನ್ನೂ ಬೇಗ. ಗಾಳಿಯನ್ನೂ ಕಲ್ಲಿನಂತೆ ಗಟ್ಟಿ ಹೊಡೆಯಬೇಡಿ. ನನ್ನ ತೂಕಕ್ಕೆ ಮುಂದೆ 24, ಹಿಂದೆ 27 ಪಿಎಸ್‌ಐ ಒತ್ತಡ ಸರಿಹೋಗಿದೆ. ಟ್ಯೂಬ್ ಇರುವವರು ಇನ್ನೂ ಸ್ವಲ್ಪ ಜಾಸ್ತಿ ಇಡಿ. ಕಮ್ಮಿಯಾದರೆ ರಿಮ್ ಕಲ್ಲಿಗೆ ಬಡಿದು ಟ್ಯೂಬ್ ಎರಡು ಕಡೆ ಸೀಳುತ್ತದೆ.

ಕಾಲ ನೋಡಿಕೊಂಡು ಹೋಗಿ. ಆಷಾಢದಲ್ಲಿ ಗಾಳಿ ಪಡುವಣದಿಂದ ನುಗ್ಗುತ್ತದೆ, ಬಯಲಿನಲ್ಲಿ ಸೈಕಲ್ಲನ್ನು ಪಕ್ಕಕ್ಕೇ ತಳ್ಳುತ್ತದೆ. ಆಗ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗೆ ಸಿಗುತ್ತದೆ. ಮಳೆ ಬಿದ್ದ ಮರುದಿನ ಎರೆಹೊಲದ ಜಾಡಿಗೆ ಇಳಿಯಲೇಬೇಡಿ. ಆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಫ್ರೇಮಿನ ಸಂದಿನಲ್ಲಿ ತುಂಬಿ, ಸೈಕಲ್ ಹೊತ್ತುಕೊಂಡೇ ಬರಬೇಕಾಗುತ್ತದೆ. ಕೆಂಪು ಗರಸು ನೆಲ ಮಧ್ಯಾಹ್ನದೊಳಗೆ ಆರುತ್ತದೆ. ಸುಗ್ಗಿಯಲ್ಲಿ ಹುರುಳಿ, ರಾಗಿ ತಂದು ಡಾಂಬರು ರಸ್ತೆ ಮೇಲೇ ಹರಡಿರುತ್ತಾರೆ, ವಾಹನ ಓಡಾಡಿ ಒಕ್ಕಣೆ ಆಗಲಿ ಅಂತ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಬಿಡಿಸೋಕೆ ಅರ್ಧ ಗಂಟೆ ಬೇಕು. ಇಳಿದು ದೂಡಿಕೊಂಡು ಹೋಗಿ. ಅದು ಅವರ ವರ್ಷದ ಅನ್ನ ಅಲ್ವಾ?

ನನಗೆ ಎಲ್ಲಕ್ಕಿಂತ ಇಷ್ಟ ಸೀತಾಫಲದ ಕಾಲ. ಗುಡ್ಡದ ಬುಡದಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಕಣ್ಣು ಬಿಟ್ಟ ಹಣ್ಣನ್ನು ಚೀಲದಲ್ಲಿ ತಂದರೆ ಕಲ್ಲುದಾರಿಯ ಕುಲುಕಾಟಕ್ಕೆ ಮುದ್ದೆಯಾಗುತ್ತದೆ. ಅಲ್ಲೇ ಕೂತು ತಿಂದುಬಿಡಿ, ಮನೆಗೆ ಕಾಯಿ ತನ್ನಿ.

ಹೋದ ತಿಂಗಳು ಅಜ್ಜ ಸಿಕ್ಕಿದ ಆ ಜಾಡಿಗೆ ಹೋದಾಗ ನಡುವೆ ತಂತಿಬೇಲಿ ಬಂದಿತ್ತು. ಬೇಲಿಯ ಆಚೆ ಗಾಲಿಯ ಗುರುತು ಹಾಗೇ ಮುಂದಕ್ಕೆ ಹೋಗಿತ್ತು, ಅದರ ಮೇಲೆ ಸೈಟಿನ ಕಲ್ಲು ನೆಟ್ಟಿದ್ದರು. ತುಂಬಾ ಹೊತ್ತು ನಿಂತಿದ್ದೆ. ಹಟ್ಟಿಗೆ ಹೋಗಿ ವಿಚಾರಿಸಿದರೆ ಅಜ್ಜ ಮನೆ ಮುಂದೆ ಹಗ್ಗ ಹೊಸೆಯುತ್ತಾ ಕೂತಿದ್ದರು. ಗಂಟೆ ಸದ್ದಿಗೇ ತಲೆ ಎತ್ತಿದರು.

"ಕುರಿ ಈಗ ಎಲ್ಲಿಂದ ಹೋಗ್ತಾವೆ ಅಜ್ಜಾ?"

"ಹಳ್ಳದಾಗೆ ಇಳಿದು, ಹೊಂಗೆ ಮರದ ತಾವ ಹತ್ತು. ಕುರಿ ಹೋಗೋ ಕಡಿಗೆ ನಿನ್ನ ಸೈಕಲ್ಲೂ ಹೋಗ್ತೈತಿ."

ಹಳ್ಳದಲ್ಲಿ ಇನ್ನೂ ನೀರಿದೆ. ಅದು ಮುಂದಿನ ಭಾನುವಾರದೊಳಗೆ ಇಳಿಯಬಹುದು ಅಂದಿದ್ದಾರೆ.