ಮೊದಲು ಊಟ, ಆಮೇಲೆ ದೇವಸ್ಥಾನ: ಟೋಕಿಯೋದಿಂದ ಒಂದು ದಿನದ ತಿರುಗಾಟಕ್ಕೆ ಹೋದಾಗ

ನಿಕ್ಕೋ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅಮ್ಮ ಬಾಳೆಹಣ್ಣು ತಿಂದ ಆ ಮಧ್ಯಾಹ್ನವನ್ನು ನಾನಿನ್ನೂ ಮರೆತಿಲ್ಲ. ನಾನು ಟೋಕಿಯೋಗೆ ಬಂದು ಆಗ ಎಂಟು ತಿಂಗಳು. ಅಮ್ಮ ಮೊದಲ ಸಲ ಬಂದಿದ್ದರು. ಅಸಾಕುಸಾದಿಂದ ತೋಬು ರೈಲಿನಲ್ಲಿ ಎರಡು ಗಂಟೆ ಕೂತು ಹೋದೆವು. ತೋಶೋಗು ದೇವಸ್ಥಾನದ ಮೂರು ಮಂಗಗಳನ್ನು ನೋಡಿದೆವು, ಮಲಗಿರುವ ಬೆಕ್ಕಿನ ಕೆತ್ತನೆ ನೋಡಿದೆವು, ಹಿಂದೆ ಜಪಾನನ್ನು ಆಳಿದ ಶೋಗನ್ ಇಯೆಯಾಸುವಿನ ಸಮಾಧಿಯವರೆಗೆ 207 ಮೆಟ್ಟಿಲು ಹತ್ತಿ ಇಳಿದೆವು. ಕೆಳಗೆ ಬರುವಷ್ಟರಲ್ಲಿ ಎರಡೂವರೆ ಆಗಿತ್ತು.

ರಸ್ತೆಯ ಎರಡೂ ಕಡೆ ಹೋಟೆಲುಗಳಿದ್ದವು. ಒಂದರ ಬಾಗಿಲಲ್ಲಿ ಜುಂಬಿಚೂ ಅಂತ ಹಲಗೆ ತೂಗುಹಾಕಿದ್ದರು. ಫೋನಿನಲ್ಲಿ ಅರ್ಥ ನೋಡಿದರೆ 'ತಯಾರಿ ನಡೆಯುತ್ತಿದೆ' ಅಂತ ಬಂತು. ಸರಿ, ಇನ್ನೇನು ಅಡುಗೆ ಆಗುತ್ತದೆ ಅಂದುಕೊಂಡು ಇಬ್ಬರೂ ಹೊರಗೆ ಕಾದು ನಿಂತೆವು. ಆ ದಾರಿಯಲ್ಲಿ ಬಂದ ಅಜ್ಜಿಯೊಬ್ಬರು ನಮ್ಮನ್ನು ನೋಡಿ ಎರಡು ಕೈಯನ್ನೂ ಅಡ್ಡ ಹಿಡಿದು ತೋರಿಸಿದಾಗಲೇ ಗೊತ್ತಾಗಿದ್ದು. ಆ ಹಲಗೆ ಹಾಕಿದರೆ ಬಾಗಿಲು ಮುಚ್ಚಿದೆ ಅಂತಲೇ ಅರ್ಥ. ಬಾಗಿಲ ಮೇಲಿನ ಬಟ್ಟೆಯ ಪರದೆ, ನೊರೆನ್, ಹೊರಗೆ ಇಳಿಬಿಟ್ಟಿದ್ದರೆ ಅಂಗಡಿ ತೆರೆದಿದೆ. ಅದನ್ನು ಒಳಗೆ ಎತ್ತಿಟ್ಟರೆ ಮುಗಿಯಿತು. ಆ ಬೀದಿಯಲ್ಲಿ ಒಂದೊಂದೇ ನೊರೆನ್ ಒಳಗೆ ಹೋಗುವುದನ್ನು ನೋಡುತ್ತಾ ಸ್ಟೇಷನ್ನಿಗೆ ನಡೆದೆವು. ಅಮ್ಮ ಏನೂ ಅನ್ನಲಿಲ್ಲ. ನನಗೆ ಅದೇ ಜಾಸ್ತಿ ಬೇಜಾರಾಗಿದ್ದು.

ಅವತ್ತಿನಿಂದ ನಾನು ಊಟದ ಜಾಗ ಗೊತ್ತುಮಾಡಿಕೊಳ್ಳದೆ ಟೋಕಿಯೋ ಬಿಟ್ಟು ಹೊರಗೆ ಹೋಗಿಲ್ಲ. ಹನ್ನೊಂದು ಗಂಟೆಗೆ ಊಟ, ಆಮೇಲೆ ಉಳಿದದ್ದು. ನಗರದಲ್ಲಿ ಯಾವ ಹೊತ್ತಿಗೆ ಹೋದರೂ ಏನಾದರೂ ಸಿಗುತ್ತದೆ. ಬೆಟ್ಟದ ಬುಡದ ಊರುಗಳಲ್ಲಿ ಹಾಗಲ್ಲ. ಸೋಬಾ, ಅಂದರೆ ಬಕ್‌ವೀಟ್ ಹಿಟ್ಟಿನ ಶ್ಯಾವಿಗೆ, ಮಾಡುವ ಅಂಗಡಿಯವರು ಬೆಳಿಗ್ಗೆ ಎಷ್ಟು ಹಿಟ್ಟು ನಾದಿ ಎಳೆ ಕತ್ತರಿಸಿರುತ್ತಾರೋ ಅಷ್ಟೇ, ಅದು ಮುಗಿದರೆ ಬಾಗಿಲು ಹಾಕುತ್ತಾರೆ. ವಾರದ ರಜೆ ಬುಧವಾರವೋ ಗುರುವಾರವೋ ಇರಬಹುದು, ಮೊದಲೇ ನೋಡಿಕೊಳ್ಳಬೇಕು. ತೋಶೋಗು ಕೂಡ ನವೆಂಬರಿನಿಂದ ಮಾರ್ಚಿಯವರೆಗೆ ನಾಲ್ಕಕ್ಕೇ ಮುಚ್ಚುತ್ತದೆ. ಆದರೂ ಹನ್ನೊಂದಕ್ಕೆ ಉಂಡು ಹೊರಟರೆ ಅದಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ.

ನಾವು ಮೀನು, ಮಾಂಸ ತಿನ್ನುವುದಿಲ್ಲ. ಇಲ್ಲಿ ಅದಕ್ಕೆ ದೊಡ್ಡ ಅಡ್ಡಿ ಮಾಂಸವಲ್ಲ, ದಾಶಿ, ಅಂದರೆ ಅಡುಗೆಗೆ ಬುಡವಾಗಿ ಹಾಕುವ ರಸ. ಸಾರು, ಪಲ್ಯ, ಸೋಬಾ ಅದ್ದಿಕೊಳ್ಳುವ ತ್ಸುಯು, ಎಲ್ಲದರ ಬುಡದಲ್ಲೂ ಕತ್ಸುವೊಬುಶಿ, ಅಂದರೆ ಒಣಗಿಸಿದ ಮೀನಿನ ಚೂರಿನ ರಸ ಇರುತ್ತದೆ. ಕಣ್ಣಿಗೆ ಬರೀ ತರಕಾರಿ ಕಾಣುತ್ತದೆ ಅಷ್ಟೇ. 'ಕತ್ಸುವೊ ದಾಶಿ ಹಾಯಿತ್ತೆ ಇಮಾಸ್ ಕಾ' ಅಂತ ಕೇಳುವುದನ್ನು ನಾನು ಎಲ್ಲಕ್ಕಿಂತ ಮೊದಲು ಬಾಯಿಪಾಠ ಮಾಡಿದೆ. ಮೀನಿನ ದಾಶಿ ಹಾಕಿದ್ದೀರಾ ಅಂತ ಅರ್ಥ. ನಮ್ಮ ಪುಣ್ಯಕ್ಕೆ ಟೋಕಿಯೋ ಸುತ್ತಲಿನ ಹಳೇ ಯಾತ್ರೆಯ ಊರುಗಳಲ್ಲಿ ಸನ್ಯಾಸಿಗಳ ಅಡುಗೆ ಇನ್ನೂ ಉಳಿದಿದೆ. ಶೋಜಿನ್ ರಿಯೋರಿ ಅಂತಾರೆ. ಅದರಲ್ಲಿ ಕೊಂಬು ಅನ್ನುವ ಕಡಲಕಳೆ ಮತ್ತು ಒಣಗಿಸಿದ ಶೀತಾಕೆ ಅಣಬೆಯ ದಾಶಿ.

ಎರಡನೇ ಸಲ ಅಮ್ಮ ಬಂದಾಗ ಮತ್ತೆ ನಿಕ್ಕೋಗೇ ಕರೆದುಕೊಂಡು ಹೋದೆ. ಹಿಂದಿನ ದಿನವೇ ಹೋಟೆಲಿಗೆ ಫೋನ್ ಮಾಡಿ, ಮೀನಿನ ದಾಶಿ ಬೇಡ, ಕೊಂಬು ದಾಶಿಯಲ್ಲಿ ಮಾಡಿಕೊಡ್ತೀರಾ ಅಂತ ಕೇಳಿದ್ದೆ. ಆಗಲಿ ಅಂದರು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ನೊರೆನ್ ಹೊರಗೆ ಬಂತು, ನಾವು ಒಳಗೆ ಹೋದೆವು.

ಅಲ್ಲಿ ತಿನ್ನಬೇಕಾದದ್ದು ಯುಬಾ. ಸೋಯಾ ಹಾಲನ್ನು ಅಗಲ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿಟ್ಟರೆ ಮೇಲೆ ಕೆನೆ ಕಟ್ಟುತ್ತದಲ್ವಾ, ಅದೇ. ಕ್ಯೋತೋದಲ್ಲಿ ಅದನ್ನು ಅಂಚಿನಿಂದ ಒಂದೇ ಪದರವಾಗಿ ಎತ್ತುತ್ತಾರೆ. ನಿಕ್ಕೋದಲ್ಲಿ ಕೆನೆಯ ನಡುವೆ ಕಡ್ಡಿ ತೂರಿಸಿ ಎತ್ತುತ್ತಾರೆ, ಆಗ ಅದು ಎರಡು ಮಡಿಕೆಯಾಗಿ ಕಡ್ಡಿಯ ಎರಡೂ ಕಡೆ ಜೋತುಬೀಳುತ್ತದೆ. ಅದಕ್ಕೇ ಇಲ್ಲಿನ ಯುಬಾ ದಪ್ಪ. ಹೆಸರು ಎರಡೂ ಕಡೆ ಒಂದೇ, ಬರೆಯುವ ಅಕ್ಷರ ಮಾತ್ರ ಬೇರೆ. ಕ್ಯೋತೋದವರು 'ಬಿಸಿನೀರಿನ ಎಲೆ' ಅಂತ ಬರೆಯುತ್ತಾರೆ, ನಿಕ್ಕೋದವರು 'ಬಿಸಿನೀರಿನ ಅಲೆ' ಅಂತ. ಇದನ್ನು ಅಮ್ಮನಿಗೆ ಹೇಳಿದಾಗ ಎಲೆ, ಅಲೆ ಅಂತ ಎರಡು ಸಲ ಹೇಳಿಕೊಂಡು ಖುಷಿಪಟ್ಟರು.

ಮೊದಲು ಬಂದದ್ದು ಹಸಿ ಯುಬಾ. ಪುಟ್ಟ ಬಟ್ಟಲಲ್ಲಿ ಒದ್ದೆ ಬಟ್ಟೆಯ ಹಾಗೆ ಸುಕ್ಕುಸುಕ್ಕಾಗಿ ಕೂತಿತ್ತು, ಪಕ್ಕದಲ್ಲಿ ವಸಾಬಿ ಮತ್ತು ಶೋಯು, ಅಂದರೆ ಸೋಯಾ ಸಾಸ್. ನಾಲಿಗೆಯ ಮೇಲಿಟ್ಟರೆ ಮೊದಲು ತಣ್ಣಗೆ, ಆಮೇಲೆ ಮೆಲ್ಲಗೆ ಸಿಹಿ. ಆಮೇಲೆ ಬಂದದ್ದು ಸುರುಳಿ ಸುತ್ತಿ ಬೇಯಿಸಿದ ಯುಬಾ. ಹೆಬ್ಬೆರಳಿನಷ್ಟು ದಪ್ಪದ ಹೋಳು, ಕತ್ತರಿಸಿದ ಕಡೆ ಪದರದ ಮೇಲೆ ಪದರ ಕಾಣುತ್ತಿತ್ತು. ಕಚ್ಚಿದ ಕೂಡಲೇ ಪದರಗಳ ನಡುವಿಂದ ಬಿಸಿ ರಸ ಬಾಯಿತುಂಬ ಹರಿಯಿತು. ಅಮ್ಮ ಚಾಪ್‌ಸ್ಟಿಕ್ ಕೆಳಗಿಟ್ಟು, ಬಟ್ಟಲನ್ನೇ ಎರಡು ಕೈಯಲ್ಲೂ ಎತ್ತಿ ಆ ರಸ ಕುಡಿದರು. ಇಬ್ಬರಿಗೂ ಸೇರಿ ಆರು ಸಾವಿರ ಯೆನ್ ಹತ್ತಿರ ಆಯಿತು. ಕಡಿಮೆಯಲ್ಲ. ನಾನು ಆ ದುಡ್ಡನ್ನು ಇನ್ನೊಂದು ಸಲ ಕೊಡಲೂ ತಯಾರಿದ್ದೇನೆ.

ಕಾಮಾಕುರಾಗೆ ಹೋಗುವವರು ದಯವಿಟ್ಟು ಒಂದು ಸ್ಟೇಷನ್ ಮುಂಚೆ, ಕಿತಾ ಕಾಮಾಕುರಾದಲ್ಲಿ ಇಳಿಯಿರಿ. ಟೋಕಿಯೋ ಸ್ಟೇಷನ್ನಿನಿಂದ ಯೋಕೊಸುಕಾ ಲೈನಿನಲ್ಲಿ ಒಂದು ಗಂಟೆಯೊಳಗೆ ತಲುಪುತ್ತೀರಿ. ಅಲ್ಲಿಂದ ಕಾಲು ಗಂಟೆ ನಡೆದರೆ ಕೆಂಚೋಜಿ, 1253ರಲ್ಲಿ ಕಟ್ಟಿದ ಝೆನ್ ದೇವಾಲಯ. ಕೆಂಚಿನ್‌ಜಿರು ಅನ್ನುವ ಸಾರು ಇಲ್ಲಿಂದಲೇ ಶುರುವಾಯಿತು ಅಂತಾರೆ. ಕಥೆ ಹೀಗಿದೆ: ಅಡುಗೆಮನೆಯಲ್ಲಿ ಕಿರಿಯ ಸನ್ಯಾಸಿಯ ಕೈಜಾರಿ ತೋಫು ನೆಲಕ್ಕೆ ಬಿದ್ದು ಪುಡಿಯಾಯಿತಂತೆ. ಚೀನಾದಿಂದ ಬಂದಿದ್ದ ಗುರು ರಾಂಕೇಯ್ ದೋರ್ಯು ಅದನ್ನು ಎತ್ತಿ ತೊಳೆದು ಸಾರಿಗೆ ಹಾಕಿದರಂತೆ. ಅದಕ್ಕೇ ಈ ಸಾರಿನಲ್ಲಿ ತೋಫುವನ್ನು ಚಾಕುವಿನಿಂದ ಕತ್ತರಿಸುವುದಿಲ್ಲ, ಕೈಯಲ್ಲೇ ಮುರಿದು ಹಾಕುತ್ತಾರೆ. ಮೂಲಂಗಿ, ಕ್ಯಾರೆಟ್, ಕೆಸುವಿನ ಗೆಡ್ಡೆ, ಗೊಬೊ ಬೇರು, ಎಲ್ಲವನ್ನೂ ಮೊದಲು ಎಳ್ಳೆಣ್ಣೆಯಲ್ಲಿ ಹುರಿಯುತ್ತಾರೆ. ಬಟ್ಟಲು ಮುಂದೆ ಬಂದಾಗ ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣುಗಳು ತೇಲುತ್ತಿರುತ್ತವೆ, ಘಮ ಮೂಗಿಗೆ ಬಡಿಯುತ್ತದೆ. ಜನವರಿಯ ಚಳಿಯಲ್ಲಿ ನಾನು ಎರಡು ಬಟ್ಟಲು ಕುಡಿದಿದ್ದೇನೆ. ಈಗ ಕೆಲವು ಹೋಟೆಲುಗಳು ಇದಕ್ಕೂ ಮೀನಿನ ದಾಶಿ ಹಾಕುತ್ತವೆ, ಕೇಳಿಯೇ ಕೂತುಕೊಳ್ಳಿ.

ಇನ್ನೊಂದು ಮಾತು. ಕಾಮಾಕುರಾದಲ್ಲಿ ಜನ ತುಂಬಿರುವ ಬೀದಿಗಳಲ್ಲಿ ನಡೆಯುತ್ತಾ ತಿನ್ನಬೇಡಿ. ಅದು ಬೇಡ ಅಂತ 2019ರಲ್ಲಿ ನಗರಸಭೆಯೇ ನಿಯಮ ಮಾಡಿದೆ. ದಂಡ ಇಲ್ಲ, ಆದರೂ ಅಂಗಡಿಯ ಮುಂದೆ ನಿಂತು ತಿಂದು ಮುಗಿಸಿ ಹೊರಡುವುದು ಒಳ್ಳೆಯದು. ಸಮುದ್ರದ ದಡದಲ್ಲಂತೂ ಹದ್ದುಗಳು ಹಿಂದಿನಿಂದ ಬಂದು ಕೈಯಲ್ಲಿದ್ದದ್ದನ್ನು ಕಿತ್ತುಕೊಂಡು ಹೋಗುತ್ತವೆ.

ತಕಾವೊ ಬೆಟ್ಟ ತೀರಾ ಹತ್ತಿರ. ಶಿಂಜುಕುವಿನಿಂದ ಕೇಯೋ ರೈಲಿನಲ್ಲಿ ಒಂದು ಗಂಟೆ, ಟಿಕೆಟ್ 500 ಯೆನ್ ಒಳಗೆ. ಎತ್ತರ 599 ಮೀಟರ್, ಮಕ್ಕಳೂ ಹತ್ತುತ್ತಾರೆ. ಎಲ್ಲರೂ ತಿನ್ನುವುದು ತೊರೊರೊ ಸೋಬಾ, ತುರಿದ ಕಾಡುಗೆಣಸಿನ ಲೋಳೆ ಹಾಕಿದ್ದು. ಅದರ ಸಾರಿನಲ್ಲಿ ಮೀನಿದೆ. ನಾನು ಬರೀ ಜರು ಸೋಬಾ, ಅಂದರೆ ಸಾರಿಲ್ಲದ ತಣ್ಣನೆ ಸೋಬಾ ತೆಗೆದುಕೊಂಡು, ತ್ಸುಯು ಬದಲು ಉಪ್ಪು ಕೇಳುತ್ತೇನೆ. ಹುಡುಗಾಟಕ್ಕೆ ಹೇಳುತ್ತಿಲ್ಲ, ಸೋಬಾ ಇಷ್ಟಪಡುವ ಜಪಾನಿನವರೂ ಉಪ್ಪಿನಲ್ಲಿ ತಿನ್ನುತ್ತಾರೆ. ಹುರುಳಿಯ ಹಿಟ್ಟಲ್ಲ ಅದು, ಆದರೂ ಹಾಗೇ ಮಣ್ಣಿನ ಘಮ ಅದಕ್ಕಿದೆ. ಉಪ್ಪಿನಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. ಕೊನೆಗೆ ಸೋಬಾ ಬೇಯಿಸಿದ ಬಿಸಿ ಗಂಜಿನೀರು ಕೊಡುತ್ತಾರೆ, ಸೋಬಾಯು ಅಂತ. ಅದನ್ನು ಬಿಡಬೇಡಿ. ಪೂರ್ತಿ ಊಟ ಬೇಕಿದ್ದರೆ ಬೆಟ್ಟದ ಮೇಲಿನ ಯಾಕುವೋಯಿನ್ ದೇವಾಲಯದಲ್ಲಿ ಶೋಜಿನ್ ರಿಯೋರಿ ಸಿಗುತ್ತದೆ. ಅದಕ್ಕೆ ಮುಂಚೆಯೇ ಹೇಳಿಡಬೇಕು.

ಕಾವಾಗೋಯೆಗೆ ಹೋದರೆ ಸಿಹಿಗೆಣಸು. ಐಸ್‌ಕ್ರೀಂ, ಚಿಪ್ಸ್, ಮಂಜೂ ಅನ್ನುವ ಹೂರಣದ ಸಿಹಿ ಬನ್, ಏನು ಕೇಳಿದರೂ ಗೆಣಸಿನದೇ. ಅಲ್ಲಿ ಗೆಣಸಿಗೆ 'ಹದಿಮೂರು ರಿ' ಅಂತ ಒಂದು ಹೆಸರಿದೆ. ರಿ ಅಂದರೆ ದೂರದ ಹಳೇ ಅಳತೆ. ಜಪಾನಿಯಲ್ಲಿ ಕುರಿ ಅಂದರೆ ಚೆಸ್ಟ್‌ನಟ್, ಅದರಲ್ಲಿ 'ಒಂಬತ್ತು ರಿ' ಕೇಳಿಸುತ್ತದೆ. ಯೋರಿ ಅಂದರೆ 'ಅದಕ್ಕಿಂತ', ಅದರಲ್ಲಿ 'ನಾಲ್ಕು ರಿ'. ಎರಡೂ ಕೂಡಿದರೆ ಹದಿಮೂರು, ಚೆಸ್ಟ್‌ನಟ್‌ಗಿಂತ ರುಚಿ ಅಂತ ಅರ್ಥ. ಎದೋದಿಂದ, ಅಂದರೆ ಹಳೇ ಟೋಕಿಯೋದಿಂದ, ಕಾವಾಗೋಯೆಗೂ ಅಷ್ಟೇ ದೂರ ಅಂತ ಲೆಕ್ಕ. ಇಕೆಬುಕುರೋದಿಂದ ಅರ್ಧ ಗಂಟೆಯ ದಾರಿ, ಊಟದ ಹೊತ್ತು ತಪ್ಪಿದರೂ ಹೊಟ್ಟೆಗೆ ಮೋಸವಿಲ್ಲ.

ಅಮ್ಮ ಏಪ್ರಿಲಿನಲ್ಲಿ ಮತ್ತೆ ಬರುತ್ತಿದ್ದಾರೆ. ಈ ಸಲ ಓಯಾಮಾ. ಒದಾಕ್ಯು ರೈಲಿನಲ್ಲಿ ಇಸೆಹಾರಾ, ಅಲ್ಲಿಂದ ಬಸ್ಸು. ಎದೋ ಕಾಲದಿಂದ ಯಾತ್ರಿಕರಿಗೆ ತೋಫು ಬಡಿಸಿದ ಊರು ಅದು, ಬೆಟ್ಟದ ನೀರು ಅಷ್ಟು ಚೆನ್ನಾಗಿದೆ. ಕೇಬಲ್ ಕಾರಿನವರೆಗೆ ಮುನ್ನೂರಕ್ಕೂ ಜಾಸ್ತಿ ಮೆಟ್ಟಿಲಿವೆ, ಅಮ್ಮನ ಮಂಡಿಗೆ ಅದು ಕಷ್ಟ. ಆದರೆ ತೋಫು ಊಟದ ಮನೆಗಳಲ್ಲಿ ಕೆಲವು ಮೆಟ್ಟಿಲು ಶುರುವಾಗುವ ಮೊದಲೇ, ಬಸ್ಸಿನ ದಾರಿಯಲ್ಲೇ ಇವೆ. ಹನ್ನೊಂದು ಗಂಟೆಗೆ ಇಬ್ಬರಿಗೆ ಜಾಗ ಹೇಳಿಟ್ಟಿದ್ದೇನೆ.