ನಿನ್ನ ದೇಶ ಅಲ್ವಲ್ಲಪ್ಪಾ

ಕಳೆದ ಶುಕ್ರವಾರ ಸಂಜೆ ಪಕ್ಕದ ಮನೆ ಹುಡುಗನ ಫುಟ್‌ಬಾಲ್ ಮ್ಯಾಚಿಗೆ ಹೋಗಿದ್ದೆವು (ಇಲ್ಲಿನ, ಅಂದರೆ ಅಮೆರಿಕದ ಫುಟ್‌ಬಾಲ್, ಹೆಚ್ಚಾಗಿ ಕೈಯಲ್ಲೇ ಆಡುವುದು). ಶಾಲೆಯ ಬ್ಯಾಂಡ್ ರಾಷ್ಟ್ರಗೀತೆ ಶುರುಮಾಡಿದ್ದೇ ತಡ, ನಾನು ದಡಬಡಿಸಿ ಎದ್ದೆ. ತೊಡೆ ಮೇಲಿದ್ದ ನ್ಯಾಚೋಸ್ ಅಷ್ಟೂ ಮುಂದಿನ ಸಾಲಿನವರ ಜಾಕೆಟ್ಟಿಗೆ. ಆ ಹುಡುಗ ಮಾತ್ರ ಮೈದಾನದಂಚಿನಲ್ಲಿ ಒಂದು ಮಂಡಿಯೂರಿ ಕೂತ. ಸೇನೆಯಲ್ಲಿದ್ದು ನಿವೃತ್ತರಾದ ಅವನಪ್ಪ ನನ್ನ ಪಕ್ಕದಲ್ಲೇ ಎದೆಗೆ ಕೈಯಿಟ್ಟು ನಿಂತಿದ್ದರು. ಆಟ ಶುರುವಾದ ಮೇಲೆ ಮಗನ ನಂಬರನ್ನು ಎಲ್ಲರಿಗಿಂತ ಜೋರಾಗಿ ಕೂಗಿದವರೂ ಅವರೇ.

ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಹತ್ತು ವರ್ಷದ ಮಗಳು, "ನೀನ್ಯಾಕೆ ಎದ್ದೆ? ಇದು ನಿನ್ನ ದೇಶ ಅಲ್ವಲ್ಲಪ್ಪಾ."

ಚುಚ್ಚಿತು. ನನ್ನದಿನ್ನೂ ಇಂಡಿಯಾ ಪಾಸ್‌ಪೋರ್ಟು, ಅವಳದು ಇಲ್ಲಿನದು. "ಮರ್ಯಾದೆ ಪುಟ್ಟಾ" ಅಂದೆ.

"ಯಾರೂ ನೋಡ್ತಿಲ್ಲದಿದ್ರೂ ಎದ್ದು ನಿಲ್ತಿದ್ಯಾ?"

ಮಾತು ಮರೆಸಲು ಇಲ್ಲಿನ ಫುಟ್‌ಬಾಲ್ ಆಟಗಾರ ಕಾಲಿನ್ ಕೇಪರ್ನಿಕ್ ಕಥೆ ತೆಗೆದೆ. ಕಪ್ಪು ಜನರ ಮೇಲಿನ ಪೊಲೀಸ್ ದೌರ್ಜನ್ಯ ವಿರೋಧಿಸಿ 2016ರಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಅವನು ಮೊದಲು ಬೆಂಚಿನಲ್ಲೇ ಕೂತಿದ್ದ. ಕೂರುವ ಬದಲು ಮಂಡಿಯೂರು ಎಂದು ಸೂಚಿಸಿದವನು ನೇಟ್ ಬೋಯರ್ ಎಂಬ ಮಾಜಿ ಯೋಧ. ಆ ಸೀಸನ್ ಮುಗಿದ ಮೇಲೆ ಕೇಪರ್ನಿಕ್ ಒಂದು ಮ್ಯಾಚೂ ಆಡಲಿಲ್ಲ. ಆಗವನಿಗೆ 29.

"ಜೈಲಿಗೆ ಹಾಕಿದ್ರಾ?"

ಇಲ್ಲ. ಧ್ವಜವಂದನೆಗೆ ಶಾಲಾಮಕ್ಕಳನ್ನು ಬಲವಂತ ಮಾಡುವಂತಿಲ್ಲವೆಂದು ಇಲ್ಲಿನ ಸುಪ್ರೀಂ ಕೋರ್ಟು 1943ರಲ್ಲೇ, ಮಹಾಯುದ್ಧದ ನಡುವೆಯೇ ಹೇಳಿದೆ. ಆದರೆ ಸಂವಿಧಾನ ಕಟ್ಟಿಹಾಕುವುದು ಸರ್ಕಾರದ ಕೈಯನ್ನು, ತಂಡದ ಮಾಲೀಕನದ್ದನ್ನಲ್ಲ. ನಮ್ಮ ಕ್ರಿಕೆಟಿಗರೂ 2021ರ ಟಿ20 ವಿಶ್ವಕಪ್‌ನಲ್ಲಿ, ದುಬೈನಲ್ಲಿ ಪಾಕಿಸ್ತಾನದೆದುರು ಆಡುವ ಮುಂಚೆ ಮಂಡಿಯೂರಿದ್ದರು. ಅಮೆರಿಕದಲ್ಲಿ ಹುಟ್ಟಿದ ಕೂಗಿಗೆ. ನಮ್ಮೂರಿನ ಅನ್ಯಾಯಕ್ಕೆ ಊರುವ ಮಂಡಿ ಬೇರೆಯೇ ಇರಬೇಕು.

"ನಿಮ್ಮೂರಲ್ಲಿ ಎದ್ದು ನಿಲ್ಲದಿದ್ರೆ ಏನಾಗತ್ತೆ?"

2017. ಸಿನಿಮಾಗೆ ಮುಂಚೆ ಥಿಯೇಟರುಗಳಲ್ಲಿ ರಾಷ್ಟ್ರಗೀತೆ ಕಡ್ಡಾಯವಾಗಿದ್ದ ಕಾಲ. ಬೆಂಗಳೂರಿನಲ್ಲಿ, ನನ್ನ ಎರಡು ಸಾಲು ಮುಂದೆ ಒಬ್ಬ ಕೂತೇ ಇದ್ದ. ಹಿಂದಿನಿಂದ ಯಾರೋ "ಏಯ್, ಎದ್ದೇಳೋ" ಅಂದರು. ನಾನೂ ಅಂದೆ, ಇನ್ನೂ ಜೋರಾಗಿ, ಜನಗಣಮನ ನಡೆಯುತ್ತಿರುವಾಗಲೇ. ಎದ್ದ. ಅಂಗಿಯ ಕಾಲರ್ ಒಂದು ಕಡೆ ಒಳಗೆ ಮಡಚಿಕೊಂಡಿತ್ತು, ಸರಿಮಾಡಿಕೊಳ್ಳಲೂ ಕೈ ಎತ್ತಲಿಲ್ಲ. ಯಾಕೆ ಕೂತಿದ್ದನೋ, ಯಾರೂ ಕೇಳಲಿಲ್ಲ. ಇಂಟರ್‌ವಲ್ ಹೊತ್ತಿಗೆ ಆ ಸೀಟು ಖಾಲಿ.

"ಏನೂ ಆಗಲ್ಲ ಪುಟ್ಟಾ" ಅಂದೆ.