ಕಾಲಮಿತಿ ಮುಗಿದ ಮೇಲೂ ಓಡುತ್ತಿರುವ ಮೆಥಡ್

ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಹಳ ಹೊತ್ತು ಹಿಡಿಯುವ ಮೆಥಡ್‌ಗೆ, ಅಂದರೆ ಒಂದು ಕೆಲಸ ಮಾಡುವ ಕೋಡ್ ತುಣುಕಿಗೆ, ಕಾಲಮಿತಿ ಹಾಕಬೇಕಾದಾಗ ನಾನು ವರ್ಷಗಳ ಕಾಲ ಮಾಡುತ್ತಿದ್ದುದು ಒಂದೇ: ಕೆಲಸವನ್ನು ಬೇರೆ ಥ್ರೆಡ್‌ನಲ್ಲಿ (ಪ್ರೋಗ್ರಾಮ್‌ನೊಳಗೆ ಜೊತೆಜೊತೆಗೆ ಓಡುವ ಎಳೆಯಲ್ಲಿ) ನಡೆಸುವ ಎಕ್ಸಿಕ್ಯೂಟರ್‌ಗೆ ಒಪ್ಪಿಸಿ, ಮುಂದೆ ಬರುವ ಫಲಿತಾಂಶಕ್ಕೆ ಚೀಟಿಯಂತೆ ಅದು ಕೊಡುವ ಫ್ಯೂಚರ್‌ನ ಗೆಟ್ ಮೆಥಡ್‌ಗೆ 5 ಸೆಕೆಂಡ್ ಎಂದು ತಿಳಿಸುವುದು. ಅವಧಿ ಮೀರಿದರೆ ಟೈಮ್‌ಔಟ್ ಎಕ್ಸೆಪ್ಶನ್ ಎಂಬ ದೋಷಸೂಚನೆ ಬರುತ್ತಿತ್ತು, ಬಳಕೆದಾರರಿಗೆ ಸಂದೇಶ ಹೋಗುತ್ತಿತ್ತು, ಕೆಲಸ ನಿಂತಿತೆಂದು ನಾನು ನಂಬಿದ್ದೆ. ಒಮ್ಮೆ ಎಕ್ಸಿಕ್ಯೂಟರ್‌ನ ಥ್ರೆಡ್‌ಗಳ ಗುಂಪಾದ ಥ್ರೆಡ್ ಪೂಲ್ ಪೂರ್ತಿ ತುಂಬಿ ಹೊಸ ಕೋರಿಕೆಗಳೆಲ್ಲ ಸರದಿಯಲ್ಲೇ ಉಳಿದಾಗ ಪ್ರತಿ ಥ್ರೆಡ್ ಆ ಕ್ಷಣ ಏನು ಮಾಡುತ್ತಿದೆ ಎಂದು ತೋರಿಸುವ ಥ್ರೆಡ್ ಡಂಪ್ ತೆಗೆದು ನೋಡಿದೆ; ಎಂದೋ ಕೈಬಿಟ್ಟಿದ್ದ ಕೆಲಸಗಳೇ ಎಲ್ಲ ಥ್ರೆಡ್‌ಗಳನ್ನೂ ಹಿಡಿದುಕೊಂಡು ಇನ್ನೂ ಓಡುತ್ತಿದ್ದವು. ಆ ಕಾಲಮಿತಿ ನನ್ನ ಕಾಯುವಿಕೆಗೆ ಮಾತ್ರ ಅನ್ವಯಿಸಿತ್ತು, ಕೆಲಸಕ್ಕಲ್ಲ.

ಕೆಲಸವೂ ನಿಲ್ಲಬೇಕಾದರೆ ಫ್ಯೂಚರ್‌ನ ಕ್ಯಾನ್ಸಲ್ ಮೆಥಡ್ ಅನ್ನು ಟ್ರೂ ಎಂದು ಕೊಟ್ಟು ಕರೆಯಬೇಕು. ಆದರೆ ಅದು ಕಳಿಸುವುದೂ ಇಂಟರಪ್ಟ್ ಎಂಬ ಸೂಚನೆಯನ್ನಷ್ಟೇ. ಸ್ಲೀಪ್‌ನಲ್ಲಿರುವ ಅಥವಾ ಕ್ಯೂ ಮುಂದೆ ಕಾಯುತ್ತಿರುವ ಥ್ರೆಡ್ ಅದಕ್ಕೆ ಎಚ್ಚರಗೊಳ್ಳುತ್ತದೆ. ಲೆಕ್ಕ ಮಾಡುತ್ತಿರುವ ಲೂಪ್ ತಾನಾಗಿ ಆಗಾಗ ಸೂಚನೆಯನ್ನು ಪರೀಕ್ಷಿಸದಿದ್ದರೆ ಅದಕ್ಕೆ ಏನೂ ತಿಳಿಯದು. ಸಾಮಾನ್ಯ ಥ್ರೆಡ್‌ನಲ್ಲಿ ಸಾಕೆಟ್‌ನಿಂದ (ನೆಟ್‌ವರ್ಕ್ ಸಂಪರ್ಕದ ತುದಿಯಿಂದ) ಓದುತ್ತಿರುವ ಕೆಲಸಕ್ಕೆ ಇಂಟರಪ್ಟ್ ಸಾಲದು, ಆ ಸಾಕೆಟ್‌ಗೇ ಪ್ರತ್ಯೇಕ ಕಾಲಮಿತಿ ಇಡಬೇಕು. ಇಂಟರಪ್ಟ್ ಬಂದಾಗ ಏಳುವ ಇಂಟರಪ್ಟೆಡ್ ಎಕ್ಸೆಪ್ಶನ್ ಅನ್ನು ಹಿಡಿದು, ಅದಕ್ಕೆ ಪ್ರತಿಕ್ರಿಯೆ ಬರೆಯಬೇಕಾದ ಕ್ಯಾಚ್ ಬ್ಲಾಕ್ ಅನ್ನು ಖಾಲಿ ಬಿಡುವ ಅಭ್ಯಾಸ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ, ಏಕೆಂದರೆ ನಿಲ್ಲು ಎಂಬ ಮಾತು ತಲುಪಿದ ಮೇಲೂ ಅಲ್ಲಿಯೇ ಅಳಿಸಿಹೋಗುತ್ತದೆ.

ಥ್ರೆಡ್ ಅನ್ನು ಬಲವಂತವಾಗಿ ಕೊಲ್ಲಬಾರದೇಕೆ ಎಂದು ಕಿರಿಯ ಸಹೋದ್ಯೋಗಿಗಳು ಕೇಳುತ್ತಾರೆ. ಜಾವಾದ ಥ್ರೆಡ್ ಸ್ಟಾಪ್ ಹಾಗೆ ಮಾಡುತ್ತಿತ್ತು. ಆಗ ದತ್ತಾಂಶವನ್ನು ಬೇರೆ ಥ್ರೆಡ್‌ಗಳು ಮುಟ್ಟದಂತೆ ಥ್ರೆಡ್ ಹಿಡಿದಿದ್ದ ಲಾಕ್‌ಗಳೆಲ್ಲ ಬಿಡುಗಡೆಯಾಗಿ, ಅರ್ಧ ಬದಲಾದ ದತ್ತಾಂಶ ಉಳಿದ ಥ್ರೆಡ್‌ಗಳ ಕೈಗೆ ಸಿಗುತ್ತಿತ್ತು. 1998ರ ಜಾವಾ 1.2ರಲ್ಲೇ ಅದನ್ನು ಬಳಸಬೇಡಿರೆಂದು ಗುರುತಿಸಲಾಯಿತು, 2023ರ ಜಾವಾ 20ರಿಂದ ಕರೆದರೆ ಎಕ್ಸೆಪ್ಶನ್ ಮಾತ್ರ ಬರತೊಡಗಿತು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಕೋರ್ ಕೂಡ ಇಂಥದೇ ಥ್ರೆಡ್ ಅಬಾರ್ಟ್ ಅನ್ನು ಕೈಬಿಟ್ಟು, ಕೆಲಸ ತಾನೇ ನೋಡಿ ನಿಲ್ಲಬೇಕಾದ ಸೂಚನೆಯಾದ ಕ್ಯಾನ್ಸಲೇಶನ್ ಟೋಕನ್ ಅನ್ನು ನೆಚ್ಚಿಕೊಂಡಿತು.

ಈಗ ನಾನು ಮೆಥಡ್‌ಗಳಿಗೆ ಅವಧಿಯ ಬದಲು ಗಡುವನ್ನು, ಅಂದರೆ ಕೆಲಸ ಮುಗಿಯಬೇಕಾದ ಕ್ಷಣವನ್ನು, ಕೊಡುತ್ತೇನೆ. ಒಂದರ ನಂತರ ಒಂದರಂತೆ ನಡೆಯುವ ಮೂರು ಕರೆಗಳಿಗೆ ತಲಾ 5 ಸೆಕೆಂಡ್ ಕೊಟ್ಟರೆ ಬಳಕೆದಾರರು 15 ಸೆಕೆಂಡ್ ಕಾಯಬೇಕಾದೀತು. ಒಂದೇ ಗಡುವನ್ನು ಒಳಗಿನ ಮೆಥಡ್‌ಗಳಿಗೂ ಕೊಟ್ಟರೆ ಪ್ರತಿಯೊಂದೂ ಉಳಿದ ಸಮಯವನ್ನು ತಾನೇ ಲೆಕ್ಕ ಹಾಕುತ್ತದೆ. 2016ರಲ್ಲಿ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯ 1.7 ಆವೃತ್ತಿಯಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಗೆ ಸೇರಿದ ಕಾಂಟೆಕ್ಸ್ಟ್ ಇದನ್ನೇ ಮಾಡುತ್ತದೆ. ಜಾವಾದಲ್ಲಿ ಒಂದೇ ಪ್ರೋಗ್ರಾಮ್‌ನೊಳಗೆ ಈ ಲೆಕ್ಕಕ್ಕೆ, ಕಳೆದ ಸಮಯವನ್ನಷ್ಟೇ ಅಳೆಯುವ ನ್ಯಾನೋಟೈಮ್ ಬಳಸಬೇಕು, ಏಕೆಂದರೆ ಗೋಡೆ ಗಡಿಯಾರದಂಥ ಸಿಸ್ಟಮ್ ಸಮಯವನ್ನು ಯಾವ ಕ್ಷಣದಲ್ಲಾದರೂ ಯಾರಾದರೂ ಹಿಂದೆಮುಂದೆ ಸರಿಸಬಹುದು.